ಮನುಷ್ಯರ ಕಾಲು ತಾಗದ ನಡುಗಡ್ಡೆ

ಕಳೆದ ತಿಂಗಳು ನಾಸಿಕ್ ರೋಡಿನಲ್ಲಿ ನಮ್ಮ ಮನೆಯ ಹತ್ತಿರದ ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದೆ. ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರು ಕನ್ನಡಿಯಲ್ಲಿ ಕಾಣುತ್ತಿತ್ತು. ನೀಲಿ ನೀರು, ನಡುವೆ ಒಂದು ಹಸಿರು ದಿಬ್ಬ, ದಿಬ್ಬದ ಅಂಚಿಗೆ ಬಿಳಿ ಹಕ್ಕಿಗಳು. ಚೆನ್ನಾಗಿದೆಯಲ್ಲ ಅಂದುಕೊಂಡೆ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿದ್ದರಿಂದ ಗುರುತು ಸಿಗಲಿಲ್ಲ. ಕೆಳಗಿನ ಅಕ್ಷರ ಓದೋಣವೆಂದು ಕತ್ತು ತಿರುಗಿಸಿದವನು ಹಾಗೆಯೇ ಎದ್ದು ನಿಂತುಬಿಟ್ಟೆ. ಎಡಕ್ಕೆ ವಾಲಿದ ಬೇವಿನ ಮರ, ಅದರ ಬುಡದಿಂದ ನೀರಿನವರೆಗೆ ಇಳಿಯುವ ಕರಿ ಮಣ್ಣಿನ ಇಳಿಜಾರು. ಚಿತ್ರದ ಕೆಳಗೆ ಮರಾಠಿಯ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು, ಮನುಷ್ಯರ ಕಾಲು ತಾಗದ ನಡುಗಡ್ಡೆ ಎಂದು.

"ಕಾಕಾ, ಮಾನ ಹಲವೂ ನಕಾ," ಎಂದ ಅಂಗಡಿಯವನು ಕತ್ತಿಯನ್ನು ಎತ್ತಿ ಹಿಡಿದು. ಕತ್ತು ಅಲ್ಲಾಡಿಸಬೇಡಿ ಎಂದು ಅವನ ಅಂಬೋಣ. ಕತ್ತೇನು, ನನ್ನ ಇಡೀ ಮೈ ಅಲ್ಲಾಡುತ್ತಿತ್ತು. ಇದನ್ನು ಬರೆದವರು ಯಾರು ಎಂದು ಕೇಳಿದೆ. ಟೈರ್ ಅಂಗಡಿಯವರು ಪುಕ್ಕಟೆ ಕೊಟ್ಟದ್ದು, ಬೇಕಾದರೆ ವರ್ಷ ಮುಗಿದ ಮೇಲೆ ಒಯ್ಯಿರಿ ಎಂದ. ಅವನ ಮೇಲೆ ರೇಗಿ ಏನು ಫಲ? ಅರ್ಧ ಕೆನ್ನೆ ಬೋಳಿಸಿಕೊಂಡ ಮನುಷ್ಯನ ಸಿಟ್ಟಿಗೆ ಲೋಕದಲ್ಲಿ ಕವಡೆ ಕಿಮ್ಮತ್ತೂ ಇಲ್ಲ. ಸುಮ್ಮನೆ ಕೂತೆ. ಆದರೆ ಹೊಟ್ಟೆಯೊಳಗಿನ ಉರಿ ಇವತ್ತಿಗೂ ಆರಿಲ್ಲ, ಅದಕ್ಕೇ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದೇನೆ. ಆ ನಡುಗಡ್ಡೆಗೆ ಮನುಷ್ಯರ ಕಾಲು ತಾಗಿದೆ. ಕಾಲಷ್ಟೇ ಅಲ್ಲ, ಅಲ್ಲೊಬ್ಬ ಮನುಷ್ಯ ಪೂರ್ತಿಯಾಗಿ ಇದ್ದಾನೆ. ಅವರು ನನ್ನ ಸೋದರತ್ತೆಯ ಗಂಡ.

ಅತ್ತೆಯ ಹೆಸರು ಕಾಶಮ್ಮ. ಬೀದರ ಜಿಲ್ಲೆಯ ಭಾಲ್ಕಿಯಿಂದ ಗೋದಾವರಿ ದಂಡೆಯ ಒಂದು ಮರಾಠಿ ಹಳ್ಳಿಗೆ ಸೊಸೆಯಾಗಿ ಹೋದವರು. ಊರಿಗೆಲ್ಲ ಇವರದೊಂದೇ ಕಿರಾಣಿ ಅಂಗಡಿ, ಇವರದೊಂದೇ ಲಿಂಗಾಯತರ ಮನೆ. ಹೋದ ಹೊಸದರಲ್ಲಿ ಅತ್ತೆಗೆ ಮರಾಠಿಯಲ್ಲಿ ಉಪ್ಪು ಅನ್ನಲಿಕ್ಕೂ ಬರುತ್ತಿರಲಿಲ್ಲವಂತೆ. ನಾನು ಬುದ್ಧಿ ಬಂದು ನೋಡುವಷ್ಟರಲ್ಲಿ ಅವರು ಮರಾಠಿಯಲ್ಲಿ ಜಗಳವಾಡಿ ಗೆದ್ದು, ಕನ್ನಡದಲ್ಲಿ ಬಂದು ನಮಗೆ ಅದರ ವರದಿ ಒಪ್ಪಿಸುತ್ತಿದ್ದರು. ಅವರ ಗಂಡ ಬಸಪ್ಪ ಮಾಮಾ ತದ್ವಿರುದ್ಧ. ತಕ್ಕಡಿ ಹಿಡಿದು ಕೂತರೆ ಗಿರಾಕಿಯೇ ಮಾತಾಡಬೇಕು. ಅಂಥ ಮಾಮಾ ಒಂದು ಬೇಸಿಗೆಯಲ್ಲಿ ಜ್ವರ ಬಂದು, ಯಾರಿಗೂ ತೊಂದರೆ ಕೊಡದೆ ಹೊರಟುಹೋದರು.

ಊರವರೆಲ್ಲ ತಮ್ಮವರನ್ನು ಹೊಳೆಯ ದಂಡೆಯಲ್ಲಿ ಸುಡುವವರು. ಮೂರನೆಯ ದಿನಕ್ಕೆ ಬೂದಿಯೂ ಗೋದಾವರಿಯ ಪಾಲು. ನಮ್ಮಲ್ಲಿ ಹಾಗಲ್ಲ. ಕುಳಿ ತೋಡಿ, ಒಳಗೆ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಕೊಡುತ್ತೇವೆ. ಮಾಮಾನನ್ನು ಊರ ಮೇಲಿನ ದಿಬ್ಬದ ತಮ್ಮ ಹೊಲದಲ್ಲೇ ಕೂರಿಸಿದರು. ಮೇಲೆ ನಾಲ್ಕು ಕರಿ ಕಲ್ಲು ನಿಲ್ಲಿಸಿ ಸಣ್ಣ ಕಟ್ಟೆ ಕಟ್ಟಿ, ಪಕ್ಕದಲ್ಲಿ ಅತ್ತೆಯೇ ಒಂದು ಬೇವಿನ ಸಸಿ ಹಚ್ಚಿದರು. ಪ್ರತಿ ಸೋಮವಾರ ಅಂಗಡಿಯ ಬಾಗಿಲು ಎಳೆದು, ದಿಬ್ಬ ಹತ್ತಿ, ವಾರದ ವ್ಯಾಪಾರವನ್ನೆಲ್ಲ ಅಲ್ಲಿ ಕೂತು ಹೇಳಿ ಬರುತ್ತಿದ್ದರು. ಸುಟ್ಟು ಬರುವವರಿಗೆ ಈ ಸೌಕರ್ಯವಿಲ್ಲ.

ಆಮೇಲೆ ಅಣೆಕಟ್ಟಿನ ಸುದ್ದಿ ಬಂತು. ಊರಿನ ದೇವರುಗಳನ್ನು ಬಾಜಾ ಬಾರಿಸಿ ಹೊಸ ಜಾಗಕ್ಕೆ ಸಾಗಿಸಿದರು. ಮನೆ, ಬಾವಿ, ಹುಣಸೆ ಮರ, ಎಲ್ಲವನ್ನೂ ವಿಚಾರಿಸಿದರು. ಮಣ್ಣೊಳಗೆ ಕೂತವರ ಬಗ್ಗೆ ಯಾರೂ ವಿಚಾರಿಸಲಿಲ್ಲ. ವಿಚಾರಿಸುವವರು ಸುಡುವ ಮನೆತನದವರು, ಅವರಿಗೆ ಹೊಳೆಯುವುದಾದರೂ ಹೇಗೆ? ಅತ್ತೆ ತಾವೇ ಹೋಗಿ ಕೇಳಿದ್ದಕ್ಕೆ ಅಳತೆಯವರು ಹೇಳಿದರಂತೆ, ತಾಯಿ, ನಿಮ್ಮ ದಿಬ್ಬಕ್ಕೆ ನೀರು ಬರುವುದೇ ಇಲ್ಲ, ಚಿಂತೆ ಮಾಡಬೇಡಿರಿ. ಅವರ ಮಾತು ಸುಳ್ಳಾಗಲಿಲ್ಲ. ದಿಬ್ಬಕ್ಕೆ ನೀರು ಬರಲಿಲ್ಲ, ದಿಬ್ಬದ ಸುತ್ತ ಬಂತು. ಅತ್ತೆ ತಿರುಗಿ ಭಾಲ್ಕಿಗೆ ಬಂದರು. ಕೆಲವು ವರ್ಷಗಳಲ್ಲಿ ಹಿನ್ನೀರಿಗೆ ಹಕ್ಕಿಗಳು ಬಂದವು, ಹಕ್ಕಿಗಳ ಹಿಂದೆ ಬೋರ್ಡು ಬಂತು. ಸಂರಕ್ಷಿತ ಪ್ರದೇಶ, ಕಾಲಿಡಬಾರದು.

"ಮುಳುಗಿತ್ತಂದ್ರ ಒಮ್ಮಿ ಅತ್ತು ಸುಮ್ಮನಾಗತಿದ್ದೆ," ಎನ್ನುತ್ತಿದ್ದರು ಅತ್ತೆ. "ಈಗ ಕಣ್ಣಿಗಿ ಕಾಣತದ, ಕಾಲಿಗಿ ಸಿಗಂಗಿಲ್ಲ. ಇದ್ಯಾವ ಶಿಕ್ಷಾ ಹೇಳು?"

ನನಗೆ ಬ್ಯಾಂಕಿನಲ್ಲಿ ಕಲಬುರಗಿಯಿಂದ ಆಗಿನ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾದದ್ದು ಎಂಬತ್ತರ ದಶಕದ ಕೊನೆಯಲ್ಲಿ. ವರ್ಗದ ಆರ್ಡರು ಕೈಗೆ ಬಂದಾಗ ಮನೆಯವರೆಲ್ಲ ಅಷ್ಟು ದೂರವೇ ಎಂದು ಮುಖ ಸಣ್ಣ ಮಾಡಿದರೆ, ಅತ್ತೆ ಒಬ್ಬರೇ ಸಕ್ಕರೆ ಹಂಚಿದರು. ಪೈಠಣದ ಕಡೆ ಅದೇ ಹಿನ್ನೀರಿನಲ್ಲಿ ರವಿವಾರಕ್ಕೊಮ್ಮೆ ಹಕ್ಕಿ ತೋರಿಸಲು ಲಾಂಚು ಬಿಡುತ್ತಾರೆಂಬ ಸುದ್ದಿ ಅದು ಹೇಗೋ ಭಾಲ್ಕಿಗೆ ಮುಟ್ಟಿತ್ತು. ಸಂಕ್ರಾಂತಿ ಮುಗಿದ ವಾರವೇ ಒಂದು ವೈರಿನ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದರು. ಚೀಲದಲ್ಲಿ ವಿಭೂತಿ ಗಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಲ್ವಪತ್ರೆ.

"ಒಂದು ಮುಟಗಿ ಮಣ್ಣು ಬೇಕಪಾ," ಎಂದರು. ಭಾಲ್ಕಿಯ ಹೊಲದಲ್ಲಿ ತಮಗಾಗಿ ಜಾಗ ನೋಡಿಟ್ಟಿದ್ದರಂತೆ. ಮಾಮಾನ ಸಮಾಧಿಯ ಮಣ್ಣು ತಂದು ಪಕ್ಕದಲ್ಲಿಟ್ಟು, ಅದರ ಮೇಲೆ ಒಂದು ಕಟ್ಟೆ ಕಟ್ಟಿಸಬೇಕು. ನನ್ನ ಹೆಂಡತಿ ಶೈಲಾ, ಈಗಲೇ ಯಾಕ್ರಿ ಅತ್ತಿ ಅಂಥ ಮಾತು ಎಂದಳು. "ನಾಳಿ ಅಲ್ಲಿ ಒಬ್ಬಾಕಿನೇ ಯಾಕ ಕೂಡ್ಲಿ?" ಎಂದರು ಅತ್ತೆ, ಮದುವೆಯ ಮನೆಯಲ್ಲಿ ಪಂಕ್ತಿಯ ಮಾತಾಡಿದಷ್ಟು ಸಲೀಸಾಗಿ.

ನನಗೆ ನೀರೆಂದರೆ ಭಯ. ಬೀದರ, ಕಲಬುರಗಿಯವರಿಗೆ ನೀರು ಕೊಡದಲ್ಲಿದ್ದರೆ ಚೆಂದ, ಕೊಡದ ಹೊರಗೆ ಕಂಡರೆ ಅನುಮಾನ. ಆದರೂ ಧೈರ್ಯವಂತನಂತೆ ತಲೆಗೊಂದು ಬಿಳಿ ಟೊಪ್ಪಿಗೆ ಹಾಕಿಕೊಂಡು, ರೊಟ್ಟಿ, ಶೇಂಗಾಹಿಂಡಿಯ ಬುತ್ತಿ ಕಟ್ಟಿಸಿಕೊಂಡು ಅತ್ತೆಯ ಜೊತೆ ಬಸ್ಸು ಹತ್ತಿದೆ. ಶೈಲಾ ಮಗುವಿಗೆ ನೆಗಡಿಯೆಂದು ಮನೆಯಲ್ಲುಳಿದಳು. ಲಾಂಚಿನಲ್ಲಿ ನಾನು ನಟ್ಟನಡುವಿನ ಜಾಗ ಹಿಡಿದೆ, ಯಾವ ಕಡೆ ಮುಳುಗಿದರೂ ಕೊನೆಗೆ ಮುಳುಗೋಣವೆಂದು. ಅತ್ತೆ ಅಂಚಿನಲ್ಲಿ ಕೂತು ನೀರನ್ನೇ ನೋಡತೊಡಗಿದರು. ಜೊತೆಗಿದ್ದ ಹತ್ತಾರು ಜನ ಮೇಲೆ ಹಕ್ಕಿ ಹುಡುಕುತ್ತಿದ್ದರೆ, ಇವರೊಬ್ಬರು ಕೆಳಗೆ ಊರು ಹುಡುಕುತ್ತಿದ್ದರು. "ಇಲ್ಲಿ ಪಾಟೀಲರ ವಾಡೆ ಬರ್ತದ ನೋಡು. ಇದು ಸಂತಿ ಬಯಲು. ಈಗ ನಮ್ಮ ಅಂಗಡಿ ಮ್ಯಾಲ ಹೊಂಟೀವಿ, ಕಾಲು ಮ್ಯಾಲ ತಗೋ." ನಾನು ನಿಜಕ್ಕೂ ಕಾಲು ಮೇಲೆ ತೆಗೆದುಕೊಂಡೆ.

ನಡುಗಡ್ಡೆ ಹತ್ತಿರ ಬಂತು. ಲಾಂಚಿನಲ್ಲಿದ್ದ ಖಾಕಿ ಗಾರ್ಡು ಎದ್ದು ನಿಂತು, ಇಲ್ಲಿ ಇಳಿಯುವಂತಿಲ್ಲ, ಒಂದು ಸುತ್ತು ಹಾಕಿ ಮರಳುತ್ತೇವೆ ಎಂದು ಘೋಷಿಸಿದ. ಅತ್ತೆ ಅವನಿಗೆ ಮರಾಠಿಯಲ್ಲಿ, ತಗ್ಗಿದ ದನಿಯಲ್ಲಿ, ಎಲ್ಲ ವಿವರಿಸಿ ಹೇಳಿದರು. ಅವನೂ ಕೆಟ್ಟವನಲ್ಲ. "ಆಜಿ, ಕೈ ಮುಗಿದು ಹೇಳ್ತೀನಿ, ಆಗೋದಿಲ್ಲ. ಚಳಿಗಾಲಕ್ಕೆ ದೂರದೇಶದಿಂದ ಬಂದ ಹಕ್ಕಿಗಳು. ಮನುಷ್ಯರು ಇಳಿದರೆ ಬೆದರಿ ಹೋಗ್ತಾವೆ. ನಾನು ಮೇಲಿನವರಿಗೆ ಉತ್ತರ ಕೊಡಬೇಕು," ಎಂದ. ಹೌದಲ್ಲ, ನ್ಯಾಯವೇ ಅನ್ನಿಸಿತು ನನಗೆ. ಕಾಯಿದೆಯೆಂದ ಮೇಲೆ ಎಲ್ಲರಿಗೂ ಒಂದೇ. ಅತ್ತೆಗೂ ಹಾಗೇ ಅನ್ನಿಸಿರಬೇಕು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾದ್ರ ಮರದ ಕಡಿಂದಾರ ಸುತ್ತು ಹಾಕಿಸಪಾ, ದೂರದಿಂದೇ ಕೈ ಮುಗೀತೀನಿ," ಎಂದರು.

ಲಾಂಚು ಬೇವಿನ ಮರದ ಕಡೆಗೆ ತಿರುಗಿತು. ಮರದ ಕೆಳಗೆ ಹೊಗೆ ಏಳುತ್ತಿತ್ತು.

ಬಿಳಿ ಹಾಸಿಗೆ, ಲೋಡು, ರೇಡಿಯೋ, ದಂಡೆಯಲ್ಲಿ ಕಟ್ಟಿದ ಬೇರೊಂದು ಮೋಟಾರು ದೋಣಿ. ಸಾಹೇಬರೊಬ್ಬರು ಬನಿಯನ್ನಿನಲ್ಲಿ ಒರಗಿದ್ದರು, ಸುತ್ತ ಅವರ ಬಳಗ. ಯಾವ ಇಲಾಖೆಯವರು, ಯಾವ ಹುದ್ದೆಯವರು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ಇಲಾಖೆಯವರು ತಾವು ಸಾಚಾ ಅಂದುಕೊಂಡಾರು. ಒಲೆಯ ಮೇಲೆ ದೊಡ್ಡ ಪಾತೆಲಿ ಕುದಿಯುತ್ತಿತ್ತು. ಒಲೆಯ ಪಕ್ಕ ಪುಕ್ಕದ ರಾಶಿ. ಕೋಳಿಯದೇ ಇರಬಹುದಲ್ಲ ಎಂದು ಶೈಲಾ ಇವತ್ತಿಗೂ ವಾದಿಸುತ್ತಾಳೆ. ಇರಬಹುದು. ಆದರೆ ರಾಶಿಯ ಪಕ್ಕ ಬಿದ್ದ ಕೊಕ್ಕನ್ನು ನಾನು ಕಣ್ಣಾರೆ ಕಂಡವನು. ಅಷ್ಟು ಚಪ್ಪಟೆ ಕೊಕ್ಕಿನ ಕೋಳಿಯನ್ನು ನಾನಂತೂ ಎಲ್ಲಿಯೂ ನೋಡಿಲ್ಲ.

"ಅವರು ಮನುಷ್ಯರಲ್ಲವೇನು?" ಎಂದು ಗಾರ್ಡನನ್ನು ಕೇಳಿದೆ. "ಅದು ಇನ್‌ಸ್ಪೆಕ್ಷನ್," ಎಂದು ಅವನು ಬೇರೆ ಕಡೆ ನೋಡಿದ.

ಅತ್ತೆ ನೋಡುತ್ತಿದ್ದದ್ದು ಸಾಹೇಬರನ್ನಲ್ಲ, ಪುಕ್ಕವನ್ನೂ ಅಲ್ಲ. ಒಲೆಯನ್ನು. ಪಾತೆಲಿಯ ಕೆಳಗಿದ್ದ ಮೂರು ಕಲ್ಲು ಬಸಪ್ಪ ಮಾಮಾನ ಕಟ್ಟೆಯವು. ನಾಲ್ಕನೆಯದರ ಮೇಲೆ ಯಾರೋ ಈರುಳ್ಳಿ ಹೆಚ್ಚುತ್ತಿದ್ದರು.

ಅತ್ತೆ ಲಾಂಚಿನವನಿಗೆ, "ನಿಲ್ಲಸೋ ತಮ್ಮಾ," ಎಂದರು ಮರಾಠಿಯಲ್ಲಿ. ಆ ದನಿಗೆ ಅವನು ಎಂಜಿನ್ನನ್ನೇ ಬಂದ್ ಮಾಡಿಬಿಟ್ಟ. ನಾವು ತಿಳಿದುಕೊಳ್ಳುವಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟು, ಚೀಲ ಹಿಡಿದು, ಮೊಣಕಾಲು ನೀರಿಗೆ ಇಳಿದಾಗಿತ್ತು. ಗಾರ್ಡು ಕೋಲು ಆಡಿಸಿ ಕೂಗಿದ. ಮುದುಕಿಯೊಬ್ಬಳನ್ನು ನೀರಿಗೆ ಬಿಟ್ಟು ನಾನು ಟೊಪ್ಪಿಗೆ ಹಾಕಿಕೊಂಡು ಕೂರುವುದು ಹೇಗೆ? ದೇವರ ಮೇಲೆ ಭಾರ ಹಾಕಿ ಧುಮುಕಿದೆ. ನೀರು ಮೊಣಕಾಲಿಗೇ ಇತ್ತು, ಆದರೆ ಎಡವಿ ಎದೆಯವರೆಗೆ ನೆನೆಸಿಕೊಂಡೆ. ಎರಡೂ ಚಪ್ಪಲಿ ಕೆಸರಿನ ಪಾಲಾದವು, ಟೊಪ್ಪಿಗೆ ಹಕ್ಕಿಗಳ ಕಡೆ ತೇಲಿಹೋಯಿತು.

ಅಷ್ಟರಲ್ಲಿ ಅತ್ತೆ ಒಲೆಯ ಬಳಿ ಹೋಗಿ, ಸೆರಗನ್ನು ಕೈಗೆ ಸುತ್ತಿ, ಕುದಿಯುವ ಪಾತೆಲಿಯನ್ನು ಎತ್ತಿ ಪಕ್ಕಕ್ಕಿಟ್ಟಿದ್ದರು. ಚೆಲ್ಲಲಿಲ್ಲ, ಅನ್ನವನ್ನು ಚೆಲ್ಲುವ ಜಾತಿಯವರಲ್ಲ. ಸಾಹೇಬರು ಎದ್ದು ಕೂತು, ಯಾರೀ ಹೆಂಗಸು ಎಂದು ಕೇಳಿದರು.

"ಈ ಮನಿ ಮಾಲಕಿ," ಎಂದರು ಅತ್ತೆ. "ನೀವು ಯಾರು?"

ಸಾಹೇಬರು ಪಕ್ಕದಲ್ಲಿದ್ದ ಅಂಗಿಗೆ ಕೈ ಹಾಕಿದರು. ಬಹುಶಃ ಆ ಪ್ರಶ್ನೆಯನ್ನು ಅವರಿಗೆ ಯಾರೂ ಹಾಕಿರಲಿಲ್ಲ. ನಾನು ಈ ಸಂದರ್ಭ ಬಿಡಬಾರದೆಂದು ಮುಂದೆ ಬಂದು, ನಿಮಗೆ ನಾಚಿಕೆಯಾಗಬೇಕು, ಸಮಾಧಿಯ ಕಲ್ಲಿನ ಮೇಲೆ ಹೆಣ ಬೇಯಿಸುತ್ತೀರಿ, ಬಡವರಿಗೆ ಕಾಯಿದೆ, ನಿಮಗೆ ಸಾರು ಎಂದು ಹಲ್ಲು ಕಡಿದು ಬೈದೆ. ಸಿಟ್ಟು ಬಂದಾಗ ನನ್ನ ಮರಾಠಿ ಅರ್ಧ ದಾರಿಯಲ್ಲೇ ಕನ್ನಡವಾಗುತ್ತದೆ. ಜೊತೆಗೆ ಬ್ಯಾಂಕಿನ ಕೌಂಟರಿನ ಅಭ್ಯಾಸ, ಬೈಗುಳಕ್ಕೂ ಬಹುವಚನ ಹಚ್ಚುತ್ತೇನೆ. ಅವರಿಗೆ ತಿಳಿದದ್ದು ನಾನು ಒದ್ದೆಯಾಗಿದ್ದೇನೆ ಎಂಬುದಷ್ಟೇ ಇರಬೇಕು, ಒಬ್ಬರು ಟವೆಲ್ ಕೊಟ್ಟರು.

ಅತ್ತೆ ಕಟ್ಟೆಯ ಕಲ್ಲು ಕಿತ್ತುಹೋಗಿದ್ದ ಜಾಗದಲ್ಲಿ ಕೂತರು. ವಿಭೂತಿ ಇಟ್ಟರು, ಬಿಲ್ವಪತ್ರೆ ಇಟ್ಟರು. ತುಟಿ ಅಲ್ಲಾಡುತ್ತಿತ್ತು. ಎಷ್ಟೋ ವರ್ಷಗಳ ಸೋಮವಾರಗಳ ಮಾತು, ಪಾಪ, ಒಂದೇ ಉಸಿರಿಗೆ ಎಷ್ಟೆಂದು ಹೇಳಿಯಾರು? ಆಮೇಲೆ ಬೊಗಸೆ ಮಣ್ಣು ತೆಗೆದು ಸೆರಗಿಗೆ ಹಾಕಿ ಗಂಟು ಕಟ್ಟಿದರು.

ಆಗ ಸಾಹೇಬರಿಗೆ ಕಾಯಿದೆ ನೆನಪಾಯಿತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಹಳ ಮೃದುವಾಗಿ ಹೇಳಿದರು, ಮಾತಾಜಿ, ಇಲ್ಲಿಂದ ಏನನ್ನೂ ಒಯ್ಯುವಂತಿಲ್ಲ, ಒಂದು ಕಲ್ಲು, ಒಂದು ಗರಿ, ಒಂದು ಹಿಡಿ ಮಣ್ಣು ಕೂಡ. ಗರಿ ಎಂದಾಗ ಅವರ ಬಳಗದ ಒಬ್ಬ ಪುಕ್ಕದ ರಾಶಿಯ ಮೇಲೆ ಮೆತ್ತಗೆ ಗೋಣಿಚೀಲ ಎಳೆದ. ಗಾರ್ಡಿಗೆ ಸನ್ನೆಯಾಯಿತು. ಅವನು ತಲೆ ತಗ್ಗಿಸಿಕೊಂಡು ಬಂದು, "ಆಜಿ, ಗಂಟು ಬಿಚ್ಚಿರಿ," ಎಂದ. ನೀವೇ ಹೇಳಿ, ಗಂಡನ ಮಣ್ಣನ್ನು ಹೆಂಡತಿಯ ಸೆರಗಿನಿಂದ ಕೊಡವಿಸಿಕೊಳ್ಳುವ ಕಾಯಿದೆಯನ್ನು ಯಾವ ತಾಯಿಯ ಮಗ ಬರೆದಿರಬಹುದು? ನಾನು ಬಿಚ್ಚಬೇಡ್ರಿ ಅತ್ತಿ, ಅದೇನು ಮಾಡ್ಕೋತಾರೋ ನೋಡೋಣು ಎಂದೆ. ಜಗಳದಲ್ಲಿ ಹುಟ್ಟಿದವರಂಥ ನಮ್ಮ ಅತ್ತೆ, ಒಂದು ಮಾತಾಡದೆ ಗಂಟು ಬಿಚ್ಚಿ ಮಣ್ಣನ್ನೆಲ್ಲ ಅಲ್ಲೇ ಕೊಡವಿದರು. ಸೆರಗನ್ನು ಎರಡು ಸಲ ಝಾಡಿಸಿ ಗಾರ್ಡಿಗೆ ತೋರಿಸಿದರು ಕೂಡ. ನನಗೆ ಸಾಹೇಬರಿಗಿಂತ ಅತ್ತೆಯ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಆಮೇಲೆ ಅವರು ಆ ಬಳಗದ ಕೊಡವನ್ನೆತ್ತಿ, ಅದರಲ್ಲಿದ್ದ ಕುಡಿಯುವ ನೀರನ್ನೆಲ್ಲ ಸಮಾಧಿಯ ಮೇಲೆ ಸುರಿದರು. ಯಾರೂ ತಡೆಯಲಿಲ್ಲ, ಪೂಜೆ ಎಂದುಕೊಂಡರು. ಸಿಡಿದ ಹನಿಗೆ ಪಕ್ಕದ ಒಲೆಯ ಬಿಸಿ ಕಲ್ಲುಗಳು ಚುಂಯ್ ಅಂದವು. ಕರಿ ಮಣ್ಣು ನೆನೆದು ಹಿಟ್ಟಿನಂತಾಯಿತು. ಆ ಕೆಸರಿನಲ್ಲಿ ಅತ್ತೆ ನಿಧಾನಕ್ಕೆ, ಹೆಜ್ಜೆ ಒತ್ತಿ ಒತ್ತಿ ಪ್ರದಕ್ಷಿಣೆ ಹಾಕತೊಡಗಿದರು. "ನೀನೂ ಸುತ್ತು," ಎಂದರು ನನಗೆ. ಸುತ್ತಿದೆ.

ಹೊರಡುವಾಗ ಇನ್ನೊಂದು ರಗಳೆ. ಬರುವಾಗ ನೀರಿಗೆ ಹಾರಿದ ಅದೇ ಹೆಂಗಸು ಈಗ ದಂಡೆಯಲ್ಲಿ ನಿಂತು, ನೀರಿಗೆ ಇಳಿಯುವುದಿಲ್ಲ, ಲಾಂಚನ್ನು ದಂಡೆಗೆ ತಂದು ಹಲಗೆ ಹಾಕಿರಿ ಎಂದು ಹಟ ಹಿಡಿದರು. ಸಾಹೇಬರಿಗೆ ಈ ಪೀಡೆ ತೊಲಗಿದರೆ ಸಾಕಾಗಿತ್ತು. ಹಲಗೆ ಹಾಕಿಸಿದರು. ಅತ್ತೆ ಮಹಾರಾಣಿಯ ಹಾಗೆ ಅದರ ಮೇಲೆ ನಡೆದು ಬಂದು, ನೀರಿಗೆ ಕಾಲು ತಾಗಿಸಲು ಹೋದ ನನ್ನ ರಟ್ಟೆ ಹಿಡಿದು ಹಲಗೆಯ ಮೇಲೆ ಎಳೆದುಕೊಂಡರು. ತಮ್ಮ ಚಪ್ಪಲಿಯನ್ನು ಮೆಟ್ಟಲಿಲ್ಲ, ಚೀಲಕ್ಕೆ ತುರುಕಿದರು. ಮರಳುವ ಬಸ್ಸಿನಲ್ಲಿ ಕಾಲನ್ನು ಸೀಟಿನ ಮೇಲೆ ಚಾಚಿ ಕೂತರು. ಕಂಡಕ್ಟರು ಗೊಣಗಿದ. ನಾನು ಕಿಟಕಿಯ ಕಡೆ ಮುಖ ಮಾಡಿ ದಾರಿಯುದ್ದಕ್ಕೂ ಇಡೀ ಸರಕಾರವನ್ನು ಮನಸ್ಸಿನಲ್ಲೇ ಬೈಯುತ್ತ ಬಂದೆ.

ಮನೆಯ ಹೊಸ್ತಿಲಲ್ಲಿ ಶೈಲಾ ನಮ್ಮ ಪದ್ಧತಿಯಂತೆ ಕಾಲಿಗೆ ನೀರು ತಂದು ನಿಂತಳು. ಅದರಲ್ಲೂ ಸಮಾಧಿಗೆ ಹೋಗಿ ಬಂದವರು ಕಾಲು ತೊಳೆಯದೆ ಒಳಗೆ ಬರುವುದುಂಟೆ?

"ನೀರು ಬ್ಯಾಡವ್ವಾ," ಎಂದರು ಅತ್ತೆ. "ಒಂದು ತಾಟು ತಾ."

ಹೊಸ್ತಿಲ ಹೊರಗೇ ಕೂತು, ಒಣಗಿದ ಕೆಸರನ್ನು ಹಿಮ್ಮಡಿಯಿಂದ, ಬೆರಳಸಂದಿಯಿಂದ, ಸೀರೆಯ ಅಂಚಿನಿಂದ ಉಗುರಿನಲ್ಲಿ ಕೆರೆದು ಕೆರೆದು ತಾಟಿಗೆ ಹಾಕತೊಡಗಿದರು. ನನಗೆ ಆಗ ತಿಳಿಯಿತು. ಕೊಡದ ನೀರು, ಪ್ರದಕ್ಷಿಣೆ, ಹಲಗೆ, ಬಸ್ಸಿನ ಸೀಟು, ಎಲ್ಲ ಒಟ್ಟಿಗೇ ತಿಳಿಯಿತು. ತಮ್ಮದು ಮುಗಿದ ಮೇಲೆ ಕೈ ಚಾಚಿ, "ನಿನ್ನ ಕಾಲು ತಾ ಇಲ್ಲಿ," ಎಂದರು.

ನಾನು ಹಿಂದೆ ಸರಿದೆ. ಹಿರಿಯರು, ತಂದೆಯ ಅಕ್ಕ, ನಾನು ಅವರ ಕಾಲು ಮುಟ್ಟಬೇಕಾದವನು. "ಅತ್ತಿ, ನನ್ನ ಕಾಲು ನೀವು ಮುಟ್ಟಬ್ಯಾಡ್ರಿ," ಎಂದೆ. "ನಾನೇ ಕೆರೆದು ಕೊಡ್ತೀನ್ರಿ."

"ನಿನ್ನ ಕಾಲು ಯಾರು ಮುಟ್ಟಲಾಕತ್ತಾರ? ಸುಮ್ಮ ನಿಂದ್ರು," ಎಂದು ಅತ್ತೆ ನನ್ನ ಪಾದವನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತೆ. ಅವರ ಉಗುರು ನನ್ನ ಅಂಗಾಲಿನಲ್ಲಿ ಆಡುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ. ಒಂದು ಹರಳನ್ನೂ ಕೆಳಗೆ ಬೀಳಗೊಡದ ಹಾಗೆ ಮನಸ್ಸಿಟ್ಟು ಕೆರೆಯುತ್ತಿದ್ದರು, ಅಂಗಡಿಯಲ್ಲಿ ಮಾಮಾ ಜೀರಿಗೆ ತೂಗುತ್ತಿದ್ದಂತೆ.

ಅತ್ತೆ ತೀರಿಕೊಂಡದ್ದು ತೊಂಬತ್ತರ ದಶಕದಲ್ಲಿ. ಬಯಸಿದ ಜಾಗದಲ್ಲೇ ಕೂತರು.

ಕ್ಷೌರದಂಗಡಿಯಿಂದ ಬಂದ ಸಿಟ್ಟಿನಲ್ಲೇ ಮಗನಿಗೆ ಫೋನು ಮಾಡಿ, ರಜೆ ಹಾಕು, ಭಾಲ್ಕಿಗೆ ಹೋಗಬೇಕು ಎಂದೆ. ಮಗ ನಾಸಿಕ್ ಪಕ್ಕದ ಓಝರಿನ ಕಾರ್ಖಾನೆಯಲ್ಲಿ ಎಂಜಿನಿಯರು. ಈ ಕಡೆಯೇ ಬೆಳೆದವನು, ಕನ್ನಡ ಅವನಿಗೆ ಕಿವಿಯಲ್ಲಿದೆ, ಬಾಯಿಗೆ ಬರುವಾಗ ತಡವರಿಸುತ್ತದೆ. ಮೊನ್ನೆ ಇಬ್ಬರೂ ಹೋಗಿದ್ದೆವು. ದಾರಿಯುದ್ದಕ್ಕೂ ನಾನು ಪತ್ರಿಕೆಗೆ ಬರೆಯುತ್ತೇನೆ, ಮಂತ್ರಿಗಳಿಗೆ ಬರೆಯುತ್ತೇನೆ ಎಂದು ಕೂಗಾಡಿದೆ. ಅವನು ಗಾಡಿ ನಡೆಸುತ್ತ ಹೂಂ ಹೂಂ ಎಂದ. ಹೊಲದಲ್ಲಿ ಎರಡು ಕಟ್ಟೆಗಳು, ಒಂದು ದೊಡ್ಡದು, ಒಂದು ಸಣ್ಣದು. ಸುತ್ತ ತೊಗರಿ ಬೆಳೆದು ನಿಂತಿತ್ತು. ಇಬ್ಬರೂ ಕಸ ಕಿತ್ತು ವಿಭೂತಿ ಹಚ್ಚಿದೆವು. ಕೂಗಾಡುವ ಉಮೇದು ಅದು ಹೇಗೋ ನನ್ನಿಂದ ಇಳಿದುಹೋಗಿತ್ತು.

"ಅಪ್ಪಾ, ಇದು ಛೋಟಾ ಇರೋದು ಯಾರ್ದು?" ಎಂದು ಕೇಳಿದ ಮಗ.

"ಬಸಪ್ಪಜ್ಜಂದು," ಎಂದೆ.

"ಅವರು ಇಲ್ಲೇ ತೀರ್ಕೊಂಡ್ರಾ?"

"ಇಲ್ಲಪಾ. ಆಮ್ಯಾಲ ಬಂದರು. ಕಾಶಮ್ಮಜ್ಜಿ ಕಾಲಿಗಿ ಹತ್ತಿ ಬಂದರು, ಉಳದದ್ದು ನನ್ನ ಕಾಲಿಗಿ."

ಮಗ ನನ್ನ ಮುಖ ನೋಡಿದ. ಆಮೇಲೆ, ಏನನ್ನಿಸಿತೋ, ಬಗ್ಗಿ ತನ್ನ ಬೂಟು ಬಿಚ್ಚತೊಡಗಿದ.